ನೀರಿಗೆ ದಾರ ಹಿಡಿದ ಮೇಸ್ತ್ರಿ

ನಲವತ್ತೆರಡು ವರ್ಷ ಗಾರೆ ಕೆಲಸ ಮಾಡಿದವರನ್ನು ಜನ ಬರೀ ಮೇಸ್ತ್ರಿ ಎಂದು ಕರೆದು ಸುಮ್ಮನಾಗುತ್ತಾರೆ. ಇವರನ್ನು ಮಾತ್ರ ಮಟ್ಟದ ಮೇಸ್ತ್ರಿ ಎನ್ನುತ್ತಿದ್ದರು. ಯಾರೋ ಗೇಲಿಗೆ ಇಟ್ಟ ಹೆಸರಿರಬೇಕು, ಇವರು ಅದನ್ನೇ ಬಿರುದಿನ ಹಾಗೆ ಹೊತ್ತು ತಿರುಗಿದರು. ದಿನದ ಕೆಲಸ ಮುಗಿದು ಉಳಿದವರೆಲ್ಲ ಕೈಕಾಲು ತೊಳೆದು ಸೈಕಲ್ ಹತ್ತುವ ಹೊತ್ತಿಗೆ ಇವರು ಚೀಲದಿಂದ ತೂಗುಗುಂಡು ತೆಗೆದು, ಆವತ್ತು ಎದ್ದ ಗೋಡೆಗಳಿಗೆಲ್ಲ ಹಿಡಿಯುತ್ತಿದ್ದರು. ಗುಂಡಿನ ದಾರಕ್ಕೂ ಗೋಡೆಗೂ ನಡುವೆ ಮೇಲಿಂದ ಕೆಳಗಿನವರೆಗೆ ಒಂದೇ ಅಂತರ ಇರಬೇಕು. ಮೊಳೆಯ ದಪ್ಪಕ್ಕಿಂತ ಹೆಚ್ಚು ವ್ಯತ್ಯಾಸ ಕಂಡಿತೋ, ಗಾರೆ ಒಣಗುವ ಮೊದಲೇ ಕೈಯಾರೆ ಗೋಡೆ ಕೆಡವಿ, ಇಟ್ಟಿಗೆ ಒಂದೊಂದನ್ನೂ ತೊಳೆದು ಜೋಡಿಸಿಟ್ಟು ಮನೆಗೆ ಬರುವರು. ಮನೆ ಕಟ್ಟಿಸುವವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ಸ್ವಂತ ಮನೆಯ ಅಡುಗೆಮನೆ ಗೋಡೆಯನ್ನೂ ಹೀಗೇ ಎರಡು ಸಲ ಕೆಡವಿದ್ದರು. ಮೂರು ವಾರ ಬಯಲಲ್ಲಿ ಸ್ಟವ್ ಹಚ್ಚಿದ್ದನ್ನು ಅವರ ಹೆಂಡತಿ ಮೂವತ್ತು ವರ್ಷವಾದರೂ ಮರೆತಿಲ್ಲ, ಮರೆಯುವ ಉದ್ದೇಶವೂ ಅವರಿಗಿಲ್ಲ. ಮನೆಯಲ್ಲಿ ಯಾವ ಜಗಳ ಎಲ್ಲಿ ಶುರುವಾದರೂ ಕೊನೆಗೆ ಆ ಗೋಡೆಗೇ ಬಂದು ನಿಲ್ಲುತ್ತಿತ್ತು.

ಒಬ್ಬಳೇ ಮಗಳು. ಎರಡು ಬೀದಿ ಆಚೆಯ ಶಾಲೆಯಲ್ಲಿ ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಾಳೆ. ಅಪ್ಪ ಕಟ್ಟಿದ ಮನೆಯಲ್ಲೇ, ಅಪ್ಪ ಅಮ್ಮನ ಜೊತೆಗೇ ಇದ್ದಾಳೆ. ಓದಿನಲ್ಲಿ ಚುರುಕು, ಮಾತಿನಲ್ಲಿ ಮೆದು. ಮಕ್ಕಳಿಗೆ ಪಾಠ ಮಾಡುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಅಪ್ಪನ ಬಗ್ಗೆ ಅವಳಿಗೆ ಮೊದಲಿಂದಲೂ ಹೆಮ್ಮೆಯೇ. ಆ ಹೆಮ್ಮೆಗೆ ಕುತ್ತು ಬಂದದ್ದು ಅಪ್ಪ ಗೋಡೆಗೆ ಕಟ್ಟಿದ ಸಾರುವೆಯಿಂದ ಜಾರಿ ಬಿದ್ದು ಹಿಮ್ಮಡಿ ಮೂಳೆ ಬಿರುಕು ಬಿಟ್ಟುಕೊಂಡ ವರ್ಷ.

ಎರಡು ತಿಂಗಳು ಕಾಲು ನೆಲಕ್ಕೆ ಊರಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ದುಡಿದ ಕೈ ಸುಮ್ಮನೆ ಕೂರುವುದಿಲ್ಲ. ಮೇಸ್ತ್ರಿ ಮನೆಯ ಗಡಿಯಾರ ಬಿಚ್ಚಿ ಜೋಡಿಸಿದರು, ಹೊಲಿಗೆ ಯಂತ್ರ ಬಿಚ್ಚಿ ಹೆಂಡತಿಯಿಂದ ಬೈಸಿಕೊಂಡರು. ಕೊನೆಗೆ ಮಗಳ ಮೇಜಿನ ಮೇಲಿದ್ದ ಎಂಟನೇ ತರಗತಿಯ ವಿಜ್ಞಾನ ಪುಸ್ತಕ ಕೈಗೆ ಸಿಕ್ಕಿತು. ಅವರು ಓದಿದ್ದು ನಾಲ್ಕನೇ ತರಗತಿ. ಆದರೂ ಮುಖಪುಟದಿಂದ ಹಿಡಿದು ಬೆರಳಿಟ್ಟು ಓದಿದರು. ಕಿವಿಯ ಹಿಂದೆ ಸದಾ ಇರುತ್ತಿದ್ದ ಚಪ್ಪಟೆ ಪೆನ್ಸಿಲ್ಲಿನಲ್ಲಿ ಅಂಚಿಗೆ ಗುರುತು ಹಾಕುತ್ತ ಹೋದರು. ತಾವು ಕಣ್ಣಾರೆ ಕಂಡ ಸಂಗತಿಗೆ ಸರಿ ಗುರುತು, ಕಾಣದ್ದಕ್ಕೆ ಪ್ರಶ್ನೆ ಗುರುತು. ಸುಣ್ಣಕ್ಕೆ ನೀರು ಬಿದ್ದರೆ ಬಿಸಿಯಾಗುತ್ತದೆ: ಸರಿ. ಕಬ್ಬಿಣ ತುಕ್ಕು ಹಿಡಿಯುತ್ತದೆ: ಸರಿ. ಆಕಾಶದ ಪಾಠಕ್ಕೆ ಬಂದಾಗ ಮಾತ್ರ ಪುಟದ ತುಂಬ ಪ್ರಶ್ನೆಗಳೇ. ಆ ಪಾಠದ ಕೊನೆಯ ವಾಕ್ಯ ಹೀಗಿತ್ತು: ‘ಈ ಅಪಾರ ಬ್ರಹ್ಮಾಂಡದಲ್ಲಿ ಭೂಮಿ ಒಂದು ಧೂಳಿನ ಕಣ, ಮನುಷ್ಯ ನಗಣ್ಯ.’ ಅದರ ಪಕ್ಕದಲ್ಲಿ ಎರಡು ಪ್ರಶ್ನೆ ಗುರುತು ಬಿದ್ದವು.

ಒಂದು ಸಂಜೆ ನೋಟ್ ಪುಸ್ತಕ ತಿದ್ದುತ್ತ ಕೂತಿದ್ದ ಮಗಳನ್ನು ಅವರು ಕೇಳಿದರು.

“ಭೂಮಿ ಗುಂಡಗಿದೆ ಅಂತ ಹೇಳಿಕೊಡ್ತೀಯಲ್ಲ, ನೀನು ನೋಡಿದ್ದೀಯಾ?”

ಫೋಟೋ ಇದೆಯಲ್ಲ ಎಂದಳು. ಫೋಟೋದಲ್ಲಿ ತಾನು ಮದುವೆ ದಿನ ಬೆಳ್ಳಗೆ ಕಾಣುತ್ತೇನೆ, ಅದೂ ನಿಜವೇ ಎಂದು ಅಪ್ಪ ಕೇಳಿದರು. ಅಡುಗೆಮನೆಯಿಂದ ಅಮ್ಮ ಕಿಸಕ್ಕನೆ ನಕ್ಕರು. ದೊಡ್ಡ ದೊಡ್ಡವರು ಲೆಕ್ಕ ಹಾಕಿ ಹೇಳಿದ್ದಾರೆ ಎಂದಳು. ಹೇಳಿದ್ದನ್ನು ತಾನು ಕೇಳಿಲ್ಲ, ನೀನು ಕಂಡಿದ್ದೀಯಾ ಎಂದು ಕೇಳಿದೆ ಎಂದರು. ಮಗಳು ಕೆಂಪು ಪೆನ್ನಿನ ಮುಚ್ಚಳ ಹಾಕಿ ಯೋಚಿಸಿದಳು. ನಿಜ ಹೇಳಬೇಕೆಂದರೆ ಅವಳೂ ಕಂಡಿರಲಿಲ್ಲ. ಆರು ವರ್ಷದಿಂದ ಓದಿದ್ದನ್ನೇ ಓದಿಸುತ್ತಿದ್ದಳು. ಅದು ಅವಳ ಮುಖಕ್ಕೆ ಹೊಡೆದ ಹಾಗಾಯಿತು, ಆದರೆ ಅಪ್ಪನೆದುರು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಮೇಸ್ತ್ರಿಯ ವಾದ ಬಹಳ ಸರಳ. ನಲವತ್ತೆರಡು ವರ್ಷ ನೀರು ತಮಗೆ ಒಂದು ಸಲವೂ ಸುಳ್ಳು ಹೇಳಿಲ್ಲ. ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮನೆಯ ಈ ಮೂಲೆಗೊಂದು ತುದಿ, ಆ ಮೂಲೆಗೊಂದು ತುದಿ ಹಿಡಿದರೆ ಎರಡು ಕಡೆಯ ನೀರೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದರ ಮೇಲೆ ಊರಿನ ಅರ್ಧ ಮನೆಗಳ ನೆಲ ನಿಂತಿದೆ. ನೀರು ಮಟ್ಟವೆಂದ ಮೇಲೆ ಸಮುದ್ರವೂ ಮಟ್ಟ. ಸಮುದ್ರ ಮಟ್ಟವೆಂದ ಮೇಲೆ ಭೂಮಿ ಚೆಂಡಾಗುವುದು ಹೇಗೆ? ಚೆಂಡೇ ಆದರೆ ಆ ಕಡೆಯವರು ತಲೆಕೆಳಗಾಗಿ ನೇತಾಡುತ್ತಾರೆಯೇ? ಬೇರೆ ಗ್ರಹದಲ್ಲಿ ಮನೆ ಕಟ್ಟುತ್ತಾರಂತೆ ಎಂದು ಟೀವಿಯಲ್ಲಿ ಬಂದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: ಕಾಂಕ್ರೀಟಿಗೆ ಇಪ್ಪತ್ತೊಂದು ದಿನ ನೀರು ಹಾಕಬೇಕಲ್ಲ, ಅಲ್ಲಿ ಹಾಕುವವರು ಯಾರು? ಟೀವಿಯವರು ಅದಕ್ಕೆ ಉತ್ತರ ಕೊಡಲಿಲ್ಲ.

ಇದು ಮನೆಯೊಳಗೇ ಇದ್ದಿದ್ದರೆ ತಾಪತ್ರಯವಿರಲಿಲ್ಲ. ಕೋಲು ಹಿಡಿದು ನಡೆಯುವಷ್ಟು ಕಾಲು ಸುಧಾರಿಸಿದ ಮೇಲೆ ಮೇಸ್ತ್ರಿ ಚಹಾದಂಗಡಿಗೆ ಹೋಗತೊಡಗಿದರು. ಅಲ್ಲಿಂದ ಕ್ಷೌರದಂಗಡಿ, ಸಿಮೆಂಟಿನಂಗಡಿ, ಬಸ್ ನಿಲ್ದಾಣದ ಬೆಂಚು. ಹೋದಲ್ಲೆಲ್ಲ ಇದೇ ಮಾತು. ಅವರ ಮಾತಿಗೆ ತೂಕವಿತ್ತು. ಅಲ್ಲಿ ಕೂತವರಲ್ಲಿ ಅನೇಕರು ಮಲಗುತ್ತಿದ್ದದ್ದು ಅವರು ಕಟ್ಟಿದ ಗೋಡೆಗಳ ನಡುವೆಯೇ. ಒಂದು ದಿನ ಯಾರೋ ಕೆಣಕಿದಾಗ ಅವರು ತಮ್ಮ ರಸಮಟ್ಟವನ್ನು ಮೇಜಿನ ಮೇಲಿಟ್ಟರು. ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಸಾಯುವ ಮುಂಚೆ ಕೊಟ್ಟ, ಹಿತ್ತಾಳೆ ಅಂಚಿನ ಮರದ ಮಟ್ಟಪಟ್ಟಿ ಅದು. ನಡುವಿನ ಗಾಜಿನ ಕೊಳವೆಯಲ್ಲಿ ಗುಳ್ಳೆ ಅಲುಗದೆ ನಿಂತಿತು. “ನಿಂತ ನೀರು ಡೊಂಕು ಅಂತ ಯಾರಾದ್ರೂ ಕಣ್ಣಿಗೆ ತೋರಿಸಿದ ದಿನ ಇದನ್ನ ಮತ್ತೆ ಮುಟ್ಟೋದಿಲ್ಲ” ಎಂದರು. ಮೇಸ್ತ್ರಿ ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಾತು ಶಾಲೆಗೆ ಬರಲು ಎಷ್ಟು ಹೊತ್ತು? ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ನಿಮ್ಮ ಅಪ್ಪನೇ ನಂಬದ್ದನ್ನು ನಾವು ಯಾಕೆ ನಂಬಬೇಕು ಮಿಸ್ ಎಂದು ವಿನಯದಿಂದಲೇ ಕೇಳಿದಳು. ನಲವತ್ತು ಮಕ್ಕಳ ಕಿವಿ ನಿಮಿರಿತು. ಮೇಸ್ತ್ರಿಯ ಮಗಳು ಏನೋ ಹೇಳಿ ತಪ್ಪಿಸಿಕೊಂಡಳು. ಆ ವಾರವೇ ಹೆಡ್ ಮಿಸ್ ಕರೆಸಿದರು. ಕೆಟ್ಟವರಲ್ಲ, ಆದರೆ ಕಡ್ಡಿ ಮುರಿದ ಹಾಗೆ ಮಾತಾಡುವವರು. ತಂದೆಯ ಬಾಯಿ ಮುಚ್ಚಿಸಿ, ಇಲ್ಲವೇ ಅವರನ್ನು ಒಪ್ಪಿಸಿ. ಎರಡೂ ಆಗದಿದ್ದರೆ ವಿಜ್ಞಾನವನ್ನು ಗಣಿತದವರಿಗೆ ಕೊಟ್ಟು ನಿಮಗೆ ಹೊಲಿಗೆ, ಚಿತ್ರಕಲೆ ಕೊಡುತ್ತೇನೆ ಎಂದರು.

ಮನೆಗೆ ಬಂದು ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇನ್ನು ಆ ಮಾತು ಬೇಡ ಎಂದು ಬೇಡಿಕೊಂಡಳು. ಅಪ್ಪ ಹಿಮ್ಮಡಿ ಸವರಿಕೊಂಡರು. ಮಗಳ ಪಾಠ ಕಿತ್ತುಕೊಳ್ಳುವುದು ಅವರಿಗೆ ಸಣ್ಣ ವಿಷಯವಾಗಿರಲಿಲ್ಲ. ಆದರೆ ನೋಡದೆ ಒಪ್ಪುವುದು ಅವರ ಕೈಯಲ್ಲಿ ಆಗುವ ಕೆಲಸವೂ ಅಲ್ಲ.

“ಬಾಯಿ ಮುಚ್ಚಿಕೋ ಅಂದ್ರೆ ಮುಚ್ಚಿಕೋತೀನಿ ಮಗಳೇ. ಒಪ್ಪಿಕೋ ಅಂದ್ರೆ ತೋರಿಸಬೇಕು.”

ಬಾಯಿ ಮುಚ್ಚಿಕೊಂಡ ಅಪ್ಪನನ್ನು ಕಲ್ಪಿಸಿಕೊಂಡಾಗ ಅವಳಿಗೆ ಅಳು ಬಂದಿತು. ತೋರಿಸುತ್ತೇನೆ ಎಂದುಬಿಟ್ಟಳು. ಅಮ್ಮ ತಲೆ ಚಚ್ಚಿಕೊಂಡರು. ಭೂಮಿ ಗುಂಡಗಿದ್ದರೂ ಚಪ್ಪಟೆಯಿದ್ದರೂ ಅದನ್ನು ಗುಡಿಸುವವಳು ತಾನೇ, ತನ್ನನ್ನು ಯಾರೂ ಕೇಳುವುದಿಲ್ಲ ಎಂದರು.

ಊರ ಹೊರಗೆ ಹಳೆಯದೊಂದು ದೋಣಿ ಕಾಲುವೆ ಇದೆ. ಹಿಂದೆ ಸರಕು ದೋಣಿಗಳು ಓಡುತ್ತಿದ್ದವಂತೆ. ಈಗ ಎರಡು ತುದಿಯ ತೂಬಿನ ಬಾಗಿಲೂ ಮುಚ್ಚಿ ನೀರು ನಿಂತಿದೆ. ನಾಲ್ಕು ಕಿಲೋಮೀಟರ್ ದೂರ ಒಂದೂ ತಿರುವಿಲ್ಲ, ಎಳೆದು ಕಟ್ಟಿದ ದಾರದ ಹಾಗಿದೆ. ಈ ತುದಿಗೊಂದು ಸೇತುವೆ, ನಟ್ಟನಡುವೆ ಒಂದು, ಆ ತುದಿಗೊಂದು. ಅಪ್ಪ ಮಗಳು ಕೂತು ಲೆಕ್ಕ ಮಾಡಿದರು. ಈ ತುದಿಯಲ್ಲಿ ಶಾಲೆಯ ದೂರದರ್ಶಕ ಇಡುವುದು. ನಡುವೆ ಕೆಂಪು ಹಲಗೆ, ಕೊನೆಯಲ್ಲಿ ಬಿಳಿ ಹಲಗೆ. ದೂರದರ್ಶಕದ ಕಣ್ಣು, ಎರಡೂ ಹಲಗೆಯ ಗೆರೆ, ಮೂರೂ ನೀರಿನಿಂದ ಒಂದೇ ಎತ್ತರದಲ್ಲಿರಬೇಕು. ನೀರು ಮಟ್ಟವಾಗಿದ್ದರೆ ಮೂರೂ ಒಂದೇ ಸಾಲಿಗೆ ಕಾಣಬೇಕು. ನೀರು ಬಾಗಿದ್ದರೆ ನಡುವಿನ ಹಲಗೆ ಉಬ್ಬಿನ ಮೇಲೆ ನಿಂತು ಮೇಲಕ್ಕೆ ಕಾಣಬೇಕು, ಸುಮಾರು ಒಂದು ಅಡಿ.

ಎತ್ತರ ಎಷ್ಟಿರಬೇಕು ಎಂಬಲ್ಲಿ ಜಗಳವಾಯಿತು. ಸೇತುವೆಯ ಮೇಲಿಂದ ನೋಡೋಣ ಎಂದು ಮಗಳು. ಬೇಡವೇ ಬೇಡ ಎಂದು ಅಪ್ಪ. ನೆಲ ಹಾಸುವಾಗ ದಾರವನ್ನು ನೆಲಕ್ಕೆ ಎಷ್ಟು ಹತ್ತಿರ ಹಿಡಿದರೆ ಅಷ್ಟು ಒಳ್ಳೆಯದು, ಮೇಲೆ ಹೋದಷ್ಟೂ ಸುಳ್ಳು ಸೇರಿಕೊಳ್ಳುತ್ತದೆ ಎಂಬುದು ಅವರು ಕಲಿತ ಮೊದಲ ಪಾಠ. ನೀರಿನಿಂದ ಎರಡೇ ಅಡಿ ಎಂದು ಪಟ್ಟು ಹಿಡಿದರು. ಅವಳು ಸೋತಳು. ಹಲಗೆಗಳಿಗೆ ಬಣ್ಣ ಹಚ್ಚಿ, ಗೆರೆ ಎಳೆದು, ನಾಲ್ಕು ಬೆರಳಿಗೊಂದರಂತೆ ಗುರುತು ಹಾಕಿಕೊಟ್ಟವನು ಅವರ ಹಳೆಯ ಜೊತೆಗಾರ, ಬಣ್ಣದವನು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಲವತ್ತು ಮಕ್ಕಳು, ಛತ್ರಿ ಹಿಡಿದ ಹೆಡ್ ಮಿಸ್, ಚಹಾದಂಗಡಿಯ ಅರ್ಧ ಬಳಗ, ಎಲ್ಲರೂ ಕಾಲುವೆಯ ಮೆಟ್ಟಿಲಿನ ಮೇಲೆ ನೆರೆದರು. ಬಿಸಿಲು ಚುರುಗುಟ್ಟುತ್ತಿತ್ತು, ನೀರು ಮಾತ್ರ ತಣ್ಣಗಿತ್ತು. ಬಣ್ಣದವನು ಕೊನೆಯ ಸೇತುವೆಯಿಂದ ಫೋನ್ ಮಾಡಿ ಎಲ್ಲ ತಯಾರು ಎಂದ. ಮಗಳು ಮೊದಲು ಕಣ್ಣಿಟ್ಟಳು.

ಕೆಂಪು ಹಲಗೆಯ ಗೆರೆ, ಬಿಳಿ ಹಲಗೆಯ ಗೆರೆ, ಎರಡೂ ಒಂದೇ ಸಾಲಿಗೆ ಕೂತಿದ್ದವು. ಅವಳು ಗಾಜು ಒರೆಸಿ ಮತ್ತೆ ನೋಡಿದಳು. ಉಬ್ಬು ಎಳ್ಳಷ್ಟೂ ಇರಲಿಲ್ಲ. ಅಪ್ಪ ನೋಡಿದರು. ಹೆಡ್ ಮಿಸ್ ನೋಡಿದರು. ಒಬ್ಬೊಬ್ಬರಾಗಿ ಮಕ್ಕಳು ನೋಡಿದರು. ಮೇಸ್ತ್ರಿ ತಾತ ಗೆದ್ದರು ಎಂದು ಯಾರೋ ಕೂಗಿದ್ದೇ ತಡ, ಚಹಾದಂಗಡಿಯವರು ಅವರ ಬೆನ್ನು ತಟ್ಟಿದರು. ಹೆಡ್ ಮಿಸ್ ಛತ್ರಿ ಮಡಿಸಿ, ಸೋಮವಾರದಿಂದ ವಿಜ್ಞಾನ ಗಣಿತದವರಿಗೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟುಹೋದರು. ಮಗಳು ದೂರದರ್ಶಕದ ಕಾಲುಗಳನ್ನು ಮಡಿಸುತ್ತ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪನಿಗೂ ಗೆದ್ದವರ ಮುಖವಿರಲಿಲ್ಲ, ಅದನ್ನು ಆಗ ಅವಳು ಗಮನಿಸಲಿಲ್ಲ.

ಭಾನುವಾರ ಬೆಳಗ್ಗೆ ಅವಳು ಎದ್ದು ಬಂದಾಗ ಅಪ್ಪ ಅಂಗಿ ತೊಟ್ಟು, ತೂಗುಗುಂಡು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕೂತಿದ್ದರು. ಮುಂದಿಟ್ಟ ಕಾಫಿ ಆರಿತ್ತು.

“ಆ ಬಿಳಿ ಹಲಗೆ ನಡುಗ್ತಿತ್ತು” ಎಂದರು.

ಅವಳಿಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಮಧ್ಯಾಹ್ನ ತಾರಸಿಯ ಮೇಲೆ ಬಗ್ಗಿ ಸಾಲು ನೋಡಿದರೆ ಆ ತುದಿಯ ಗೋಡೆ ಕುಣಿಯುತ್ತದೆ. ಇದ್ದದ್ದು ಇಲ್ಲದ ಎತ್ತರಕ್ಕೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ ತಾವು ಎಂದೂ ಸಾಲು ಹಿಡಿದವರಲ್ಲ. ನಿನ್ನೆ ಬಿಳಿ ಹಲಗೆಯ ಕೆಳಗಂಚು ಎರಡೆರಡಾಗಿ ಎಳೆದುಕೊಂಡು ನಿಂತಿತ್ತು. ಬಿಸಿ ಗಾಳಿ, ತಣ್ಣನೆ ನೀರು, ಕಣ್ಣು ಅದಕ್ಕೆ ಅಂಟಿಕೊಂಡ ಹಾಗೆ ಎರಡೇ ಅಡಿ ಮೇಲೆ. ನೋಟವೇ ಬಾಗಿ ದೂರದ ಹಲಗೆಯನ್ನು ಎತ್ತಿ ತೋರಿಸಿರಬೇಕು. ದಾರ ಕೆಳಗೆ ಹಿಡಿ ಎಂಬ ನಿಯಮ ನೆಲಕ್ಕೆ ಸರಿ, ನೋಟಕ್ಕಲ್ಲ. ತಪ್ಪು ತಮ್ಮದೇ.

“ನಿನ್ನೆ ಎದ್ದ ಗೋಡೆ ವಾಲಿದೆ ಮಗಳೇ. ಕೆಡವಬೇಕು.”

ಅವಳು ಅಪ್ಪನ ಮುಖವನ್ನೇ ನೋಡಿದಳು. ಊರೆಲ್ಲ ಗೆಲುವು ಒಪ್ಪಿಯಾಗಿತ್ತು. ಮರುಪರೀಕ್ಷೆ ಕೇಳಿದವರು ಯಾರೂ ಇಲ್ಲ, ಅವಳೂ ಕೇಳಿರಲಿಲ್ಲ. ಕೆಡವಿದರೆ ನೀನೇ ಸೋಲಬಹುದು ಅಪ್ಪ, ರಸಮಟ್ಟದ ಮಾತು ಬೇರೆ ಆಡಿದ್ದೀಯ ಎಂದಳು. ಅವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಈ ಮನುಷ್ಯನನ್ನು ಹಟಮಾರಿ ಎಂದವರಿದ್ದಾರೆ, ಅರೆಮರುಳ ಎಂದವರೂ ಇದ್ದಾರೆ. ಗೆದ್ದ ಮಾರನೆಯ ಬೆಳಗ್ಗೆ ತನ್ನ ಗೆಲುವಿಗೇ ಗುಂಡು ಹಿಡಿದು ನೋಡಿದವರು ಅವರಲ್ಲಿ ಎಷ್ಟು ಜನ ಇದ್ದಾರೋ, ಹೇಳಲಿ.

ಕೋಲೂರಿಕೊಂಡು ಅವರೇ ಮನೆಮನೆಗೆ ಹೋದರು. ಚಹಾದಂಗಡಿಯವರನ್ನು ಎಬ್ಬಿಸಿದರು. ಹೆಡ್ ಮಿಸ್ ಮನೆಯ ಬಾಗಿಲು ತಟ್ಟಿ, ನಿನ್ನೆಯದು ಲೆಕ್ಕಕ್ಕಿಲ್ಲ, ಇವತ್ತು ಬನ್ನಿ ಎಂದರು. ಹತ್ತು ಗಂಟೆಗೆ ಮೋಡ ಕವಿದು ತಂಗಾಳಿ ಬೀಸುತ್ತಿತ್ತು. ಈ ಸಲ ಎಲ್ಲವೂ ಸೇತುವೆಯ ಮೇಲೆ, ನೀರಿನಿಂದ ಹನ್ನೆರಡು ಅಡಿ ಎತ್ತರದಲ್ಲಿ. ಅಪ್ಪ ಮೊದಲು ಕಣ್ಣಿಟ್ಟರು. ಇಟ್ಟ ಕಣ್ಣು ತೆಗೆಯಲಿಲ್ಲ. ಆಮೇಲೆ ಬಣ್ಣದವನಿಗೆ ಫೋನ್ ಮಾಡಿ ಎತ್ತರ ಮತ್ತೆ ಅಳೆಯಲು ಹೇಳಿದರು. ಮೂರು ಸಲ ಅಳೆಸಿದರು. ಎರಡು ಹಲಗೆಗಳನ್ನು ಅದಲುಬದಲು ಮಾಡಿಸಿದರು. ಬಣ್ಣದವನು ಸೈಕಲ್ ತುಳಿದು ತುಳಿದು ಬೆವರಿಳಿಸಿಕೊಂಡು ಫೋನಿನಲ್ಲೇ ಗೊಣಗಿದ. ಏನು ಮಾಡಿದರೂ ನಡುವಿನ ಹಲಗೆ ಸಾಲಿಗಿಂತ ಮೇಲೆಯೇ ನಿಂತಿತ್ತು. ಒಂದು ಅಡಿಗೆ ಎರಡು ಬೆರಳು ಕಮ್ಮಿ.

ಅವರು ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು ಎಲ್ಲರ ಕಡೆ ತಿರುಗಿದರು.

“ನೀರು ಬಾಗಿದೆ” ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ನೋಡಿ ಚದುರಿದರು. ಹೆಡ್ ಮಿಸ್ ಮಾತ್ರ ಎರಡು ಸಲ ನೋಡಿ, ಮೇಸ್ತ್ರಿಗೆ ಕೈಮುಗಿದು ಹೋದರು. ಮಗಳಿಗೆ ಗೆದ್ದ ಖುಷಿ ಬರಲೇ ಇಲ್ಲ. ಸೇತುವೆಯ ಕಟ್ಟೆಯ ಮೇಲೆ ಅಪ್ಪ ತೂಗುಗುಂಡನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತಿದ್ದರು. ಅರವತ್ನಾಲ್ಕು ವರ್ಷದ ಮುದುಕ ಎಂದು ಮೊದಲ ಸಲ ಅನ್ನಿಸಿತು. ಸಮಾಧಾನ ಹೇಳಲು ಅವಳಿಗೆ ಬರುವುದಿಲ್ಲ. ಬರುವುದು ಪಾಠ ಒಂದೇ. ಪಕ್ಕ ಕೂತು ಅದನ್ನೇ ಮಾಡಿದಳು.

“ಅಪ್ಪಾ, ಇಲ್ಲೊಂದು ಗುಂಡು ಇಳಿಬಿಡು, ಆ ಕೊನೆ ಸೇತುವೆಯಲ್ಲಿ ಒಂದು ಇಳಿಬಿಡು. ಎರಡು ದಾರಾನೂ ಭೂಮಿಯ ಒಳಗೆ ನಡುಮಧ್ಯಕ್ಕೇ ಎಳೀತಾವೆ. ಹಾಗಾಗಿ ಕೆಳಗಿನದಕ್ಕಿಂತ ಮೇಲೆ ಅವೆರಡರ ನಡುವಿನ ದೂರ ಸ್ವಲ್ಪ ಜಾಸ್ತಿ. ಹನ್ನೆರಡು ಅಡಿ ದಾರಕ್ಕೆ ಎರಡು ಮಿಲಿಮೀಟರ್, ಅದಕ್ಕಿಂತ ಚೂರು ಹೆಚ್ಚು.”

“ಮೊಳೆ ದಪ್ಪ” ಎಂದರು ಅಪ್ಪ, ತಟ್ಟನೆ.

“ಹೂಂ, ನಿನ್ನ ಮೊಳೆ ದಪ್ಪಾನೇ.”

“ಅದರಲ್ಲಿ ಡೊಂಕು ಯಾವುದು?”

“ಯಾವುದೂ ಅಲ್ಲ. ಅದರದರ ಜಾಗಕ್ಕೆ ಅದು ನೆಟ್ಟಗಿದೆ.”

ಅವರು ಗುಂಡನ್ನು ಕಟ್ಟೆಯಿಂದ ಕೆಳಗೆ ಇಳಿಬಿಟ್ಟರು. ಅದು ತೂಗಾಡಿ ತೂಗಾಡಿ ನಿಂತಿತು. ಭೂಮಿಯ ಆ ಮಗ್ಗುಲಲ್ಲಿ ಗೋಡೆ ಕಟ್ಟುವವನಿಗೂ ಗುಂಡು ಕೆಳಕ್ಕೇ ಬೀಳುತ್ತದೆಯೇ ಎಂದು ಕೇಳಿದರು. ಕೆಳಕ್ಕೇ ಎಂದಳು. ಅವನಿಗೂ ಆಕಾಶ ತಲೆಯ ಮೇಲೇ ಇರುತ್ತದೆಯೇ? ಮೇಲೇ ಇರುತ್ತದೆ. ಅಂದರೆ ಯಾರೂ ನೇತಾಡುತ್ತಿಲ್ಲ. ಎಲ್ಲರೂ ನೆಟ್ಟಗೇ ನಿಂತಿದ್ದಾರೆ. ಮೇಸ್ತ್ರಿ ನಿಧಾನಕ್ಕೆ ನಗತೊಡಗಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವು ಕಟ್ಟಿದ ಮನೆಗಳೆಲ್ಲ ಒಂದರಿಂದೊಂದು ಕೂದಲೆಳೆಯಷ್ಟು ದೂರ ಬಾಗಿ, ಒಂದೊಂದೂ ನೆಟ್ಟಗೇ ನಿಂತಿವೆ ಎಂಬುದು ಅವರಿಗೆ ಅಷ್ಟು ಹಿಡಿಸಿಹೋಯಿತು. ಸೋತ ದಿನ ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ಅವಳು ಕಂಡಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು. ಈ ಅಪ್ಪನಿಗೆ ತಾನು ಬಾಯಿ ಮುಚ್ಚು ಎಂದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಸೋಮವಾರದಿಂದ ಇನ್ನೊಂದು ಕೆಲಸ ಶುರುವಾಯಿತು. ಸಿಮೆಂಟ್ ಚೀಲದ ಕಾಗದದ ಮೇಲೆ ಚಪ್ಪಟೆ ಪೆನ್ಸಿಲ್ಲಿನಲ್ಲಿ ಮೇಸ್ತ್ರಿ ಒಂದು ಪಟ್ಟಿ ಬರೆದರು. ಭೂಮಿ ಚಪ್ಪಟೆ ಎಂಬ ತಮ್ಮ ಮಾತು ಎಲ್ಲೆಲ್ಲಿ ಮುಟ್ಟಿತ್ತೋ ಆ ಹದಿನೇಳು ಜಾಗ. ದಿನಕ್ಕೆ ಎರಡು ಮೂರರಂತೆ ಹೋಗಿ, ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡರು. ತಪ್ಪು ಹೇಳಿದ್ದೆ, ನೋಡಿದೆ, ನೀರು ಬಾಗಿದೆ. ಇಷ್ಟೇ ಮಾತು. ಹಿಮ್ಮಡಿ ಊದಿಕೊಂಡಿತು, ಹೆಂಡತಿ ಬೈದು ಬೈದು ಬಿಸಿನೀರು ಕಾಸಿಕೊಟ್ಟರು. ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಒಬ್ಬರು, ಬಿಡಿ ಮೇಸ್ತ್ರಿ, ನಮಗೆ ಚಪ್ಪಟೆಯೇ ಒಗ್ಗಿಹೋಗಿದೆ ಎಂದರು. ಮೇಸ್ತ್ರಿ ಅಲ್ಲೇ ಕೂತು ಮುಕ್ಕಾಲು ಗಂಟೆ ಗುಂಡು ಭೂಮಿಯ ಪರವಾಗಿ ವಾದಿಸಿದರು. ಸೋಪು ಒಣಗಿತು, ಅವರು ಬಿಡಲಿಲ್ಲ.

ಪಟ್ಟಿಯ ಕೊನೆಯ ಜಾಗ ಎಂಟನೇ ತರಗತಿ. ಹೆಡ್ ಮಿಸ್ ಮನಸ್ಸು ಬದಲಿಸಿದ್ದರಿಂದ ವಿಜ್ಞಾನ ಮಗಳ ಬಳಿಯೇ ಉಳಿದಿತ್ತು. ಆಕಾಶದ ಪಾಠದ ಕೊನೆಯ ದಿನ ಅದು. ಹೆಡ್ ಮಿಸ್ ಕೂಡ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಸ್ತ್ರಿ ಒಗೆದ ಅಂಗಿ ತೊಟ್ಟು, ರಸಮಟ್ಟವನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ಮಕ್ಕಳೆದುರು ಅದೇ ಮಾತನ್ನು ಹೇಳಿದರು. ಹಿಂದೆ ಪ್ರಶ್ನೆ ಕೇಳಿದ್ದ ಹುಡುಗಿ ಮತ್ತೆ ಎದ್ದು, ಹಾಗಾದರೆ ಈ ರಸಮಟ್ಟ ಸುಳ್ಳು ಹೇಳುತ್ತದೆಯೇ ಎಂದಳು. ಇಲ್ಲ, ಇದು ಎಲ್ಲಿ ಇಟ್ಟರೆ ಅಲ್ಲಿಗೆ ಸರಿ, ಊರಾಚೆಯ ಮಾತನ್ನು ಇದರಿಂದ ಹೇಳಿಸಲು ಹೋದದ್ದು ನನ್ನ ತಪ್ಪು ಎಂದರು. ಆಮೇಲೆ ರಸಮಟ್ಟವನ್ನು ಮಗಳ ಮೇಜಿನ ಮೇಲಿಟ್ಟರು. ಬೇಡ ಅಪ್ಪ ಎಂದಳು. ಆಡಿದ ಮಾತು ಆಡಿದ್ದೇ ಎಂದರು. ಆದರೆ ಪೈಪಿನ ನೀರಿನ ಬಗ್ಗೆ, ತೂಗುಗುಂಡಿನ ಬಗ್ಗೆ ತಾನೇನೂ ಮಾತು ಕೊಟ್ಟಿಲ್ಲ, ಅನ್ನಕ್ಕೆ ಅಡ್ಡಿಯಿಲ್ಲ ಎಂದು ಕಣ್ಣು ಮಿಟುಕಿಸಿದರು. ಮಕ್ಕಳು ನಕ್ಕರು.

ಹೊರಡಲು ತಿರುಗಿದವರು ಕಪ್ಪು ಹಲಗೆಯ ಮುಂದೆ ನಿಂತರು. ಪಾಠದ ಕೊನೆಯ ವಾಕ್ಯವನ್ನು ಮಗಳು ಮಕ್ಕಳಿಂದ ಬರೆಸಲೆಂದು ಅಲ್ಲಿ ಬರೆದಿಟ್ಟಿದ್ದಳು. ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

“ಭೂಮಿ ಧೂಳಿನ ಕಣ. ಇದು ಅಳತೆ. ಅಳೆದವರು ಹೇಳಿದ್ದಾರೆ, ನೀರು ಬಾಗಿದ್ದು ಕಂಡ ಮೇಲೆ ಇದನ್ನೂ ಒಪ್ತೀನಿ” ಎಂದರು. ಬೆರಳು ಮುಂದಕ್ಕೆ ಸರಿಯಿತು. “ಮನುಷ್ಯ ನಗಣ್ಯ. ಇದನ್ನ ಯಾವ ಟೇಪು ಹಿಡಿದು ಅಳೆದರು ಮಿಸ್?”

ಮಿಸ್ ಎಂದೇ ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅವಳು ಬಾಯಿ ತೆರೆದಳು. ಪುಸ್ತಕದಲ್ಲಿದೆ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಊದಿದ ಹಿಮ್ಮಡಿಯ ಮೇಲೆ ಭಾರ ಬಿಡದೆ ನಿಂತಿದ್ದ ಮುದುಕ, ಹದಿನೇಳು ಕಡೆ ಹೋಗಿ ತನ್ನ ಮಾತನ್ನು ತಾನೇ ಕೆಡವಿ ಬಂದ ಮುದುಕ. ಇಂಥ ಮನುಷ್ಯ ನಗಣ್ಯ ಎಂಬ ಮಾತನ್ನು ನಲವತ್ತು ಮಕ್ಕಳ ಕೈಯಲ್ಲಿ ಬರೆಸುವುದು ಅವಳಿಂದ ಸಾಧ್ಯವಿರಲಿಲ್ಲ.

“ಗೊತ್ತಿಲ್ಲ ಅಪ್ಪ. ಯಾರೂ ಅಳೆದಿಲ್ಲ” ಎಂದಳು.

ಹಿಂದಿನ ಬೆಂಚಿನಲ್ಲಿ ಹೆಡ್ ಮಿಸ್ ಇದ್ದಾರೆ ಎಂಬುದು ನೆನಪಿದ್ದೂ, ಸೀಮೆಸುಣ್ಣ ತೆಗೆದುಕೊಂಡು ಆ ಎರಡು ಪದಗಳ ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿದಳು. ಮಕ್ಕಳೆಲ್ಲ ತಲೆ ತಗ್ಗಿಸಿ ಅದನ್ನೂ ನೋಟ್ ಪುಸ್ತಕಕ್ಕೆ ಇಳಿಸಿಕೊಂಡರು.

ಮೇಸ್ತ್ರಿ ಬಾಗಿಲ ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ ಆ ಗುರುತನ್ನು ನೋಡಿದರು.

“ಸ್ವಲ್ಪ ಎಡಕ್ಕೆ ವಾಲಿದೆ, ಮಗಳೇ” ಎಂದರು.

ಅವಳು ಅದನ್ನು ಅಳಿಸಿ, ನೆಟ್ಟಗೆ ಮತ್ತೊಂದು ಬರೆದಳು.